ಒಗೆದ ಬಟ್ಟೆಯೂ ಕಪ್ಪು ಹೊಗೆಯೂ

ದೋಣಿಯ ಅಡುಗೆ ಮೂಲೆಯಿಂದ,
ಮಂಗಳವಾರ, ಊಟವಾದ ಮೇಲೆ

ಪ್ರೀತಿಯ ಸೊಸೆ ಕ್ಯಾಪ್ಟನಮ್ಮಾ,

ಹೇಗಿದ್ದೀಯ? ಕಿವಿಯ ನೋವು ಇಳಿಯಿತೇ? ತಲೆಸುತ್ತು ಬರುತ್ತಿದೆ ಎಂದು ನಿನ್ನ ಅಕ್ಕ ಹೇಳಿದ್ದಳು, ಅದೀಗ ವಾಸಿಯೇ? ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಡ, ನಿನಗೆ ಆ ಕೆಟ್ಟ ಅಭ್ಯಾಸ ಇದೆ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಈ ದೋಣಿಯ ಏಣಿ ಹತ್ತುವಾಗೆಲ್ಲ ನನ್ನ ವಯಸ್ಸನ್ನು ಜ್ಞಾಪಿಸುತ್ತದೆ. ನಿನ್ನ ಗಂಡನೂ ಚೆನ್ನಾಗಿದ್ದಾನೆ ಎಂದು ಬರೆದರೆ ಸುಳ್ಳಾಗುತ್ತದೆ. ಚಿಕಿತ್ಸೆಗೆಂದು ನೀನು ಅಕ್ಕನ ಮನೆಗೆ ಹೋದಾಗಿನಿಂದ ಫೋನ್ ಮಾಡಿದರೆ ಅವಳು ಸಿಗುತ್ತಾಳೆ, ನೀನು ಸಿಗುವುದಿಲ್ಲ. ಹೊರಡುವ ದಿನ ನೀನು "ಈ ಎಂಜಿನ್ ಸದ್ದೇ ನನ್ನ ಕಿವಿ ತಿಂದಿದ್ದು" ಅಂದೆಯಲ್ಲ, ಅದೊಂದು ಮಾತನ್ನು ಹಿಡಿದುಕೊಂಡು, ನಿನಗೆ ಅವನ ಮೇಲೆ ಸಿಟ್ಟು, ಇನ್ನು ನೀನು ಈ ದೋಣಿಗೆ ಕಾಲಿಡುವುದಿಲ್ಲ ಎಂದು ತೀರ್ಮಾನಿಸಿ ಕೂತಿದ್ದಾನೆ. ಬಾಯಿಬಿಟ್ಟು ಹೇಳಿಲ್ಲ. ಹೆತ್ತವಳಿಗೆ ಅದನ್ನು ಹೇಳಬೇಕೇ?

ಮಾತಾಡಬೇಕಾದ ಕಡೆ ಸುತ್ತಿಗೆ ಹಿಡಿಯುವುದು ಅವನ ಜಾಯಮಾನ. ಅವರಪ್ಪನದೂ ಅದೇ ಆಗಿತ್ತು. ಒಂದು ದಿನ ಕೈ ದಪ್ಪದ ಫೋಮ್ ಹಾಳೆಗಳನ್ನು ಹೊತ್ತು ತಂದ. ಎಂಜಿನ್ ಇರುವ ಪೆಟ್ಟಿಗೆಯ ನಾಲ್ಕೂ ಗೋಡೆಗೆ, ಮುಚ್ಚಳದ ಒಳಮೈಗೆ, ಎಲ್ಲಕ್ಕೂ ಅಂಟಿಸಿದ. ಬೆರಳು ತೂರುವಷ್ಟು ಸಂದಿಯಿದ್ದರೂ ಹುಡುಕಿ ಹುಡುಕಿ ತುರುಕಿದ. ಯಾಕೋ ಎಂದರೆ "ಅವಳು ಬಂದಾಗ ಸದ್ದು ಇರಬಾರದಮ್ಮ" ಅಂದ. ಸದ್ದೇನೋ ನಿಜಕ್ಕೂ ಇಳಿಯಿತು. ಆ ಸಂಜೆ ಅವನ ಮುಖದಲ್ಲಿ ಗೆಲುವಿತ್ತು, ಅಡುಗೆಗೆ ಉಪ್ಪು ಕಡಿಮೆಯಾಗಿದ್ದೂ ಅವನಿಗೆ ಗೊತ್ತಾಗಲಿಲ್ಲ.

ಮಾರನೆಯ ದಿನ ಗಾಳಿ ಇರಲಿಲ್ಲ. ಹಾಯಿ ಬಿಚ್ಚಿ ಪ್ರಯೋಜನವಿಲ್ಲವೆಂದು ಎಂಜಿನ್ ಮೇಲೇ ಪ್ರವಾಸಿಗರನ್ನು ಕರೆದುಕೊಂಡು ಹೊರಟ. ದೋಣಿ ಕಟ್ಟುವ ದಕ್ಕೆ ದಾಟಿದ್ದೇ ತಡ, ಹಿಂದಿನ ಕೊಳವೆಯಿಂದ ಕರಿ ಹೊಗೆ. ಬಂದವರೆಲ್ಲ ಕೆಮ್ಮಿದರು, ಹಿಂಭಾಗದ ಹಗ್ಗಕ್ಕೆ ನಾನು ಒಣಹಾಕಿದ್ದ ಬಿಳಿ ಹೊದಿಕೆಗೂ ಬಟ್ಟೆಗೂ ಮಸಿ. ಮೆಕ್ಯಾನಿಕ್ ಬಂದ. ಬಿಳಿ ಹೊಗೆಯಾದರೆ ಒಳಗೆ ನೀರು ಸೇರಿರಬಹುದು, ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ, ಕಪ್ಪಾದರೆ ಒಳಗೆ ಹೋದ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಎಂದು ನನಗೂ ಪಾಠ ಹೇಳಿದ. ನೀರಿಗಿಳಿದು ಪ್ರೊಪೆಲ್ಲರಿಗೆ ಅಂಟಿದ್ದ ಚಿಪ್ಪುಗಳನ್ನು ಕೆರೆದರು. ಏರ್ ಫಿಲ್ಟರ್ ಹೊಸದಾಯಿತು. ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳನ್ನು ಬಿಚ್ಚಿ ಪರೀಕ್ಷೆ ಮಾಡಿಸಿದರು. ಪ್ರತಿ ಸಲವೂ ಮುಚ್ಚಳ ತೆಗೆದಿಟ್ಟು, ದೋಣಿಯನ್ನು ದಕ್ಕೆಗೆ ಬಿಗಿಯಾಗಿ ಕಟ್ಟಿ, ಗೇರ್ ಹಾಕಿ ಓಡಿಸಿ ನೋಡಿದರೆ ಹೊಗೆಯೇ ಇಲ್ಲ. ಮೆಕ್ಯಾನಿಕ್ ಮನೆ ಸೇರಿದ ಮೇಲೆ ಮತ್ತೆ ಶುರು. ದಂತವೈದ್ಯರ ಮೆಟ್ಟಿಲು ಹತ್ತುತ್ತಿದ್ದಂತೆ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. ಕೊನೆಗೆ ಅವನೂ ಕೈಚೆಲ್ಲಿ, ಎಂಜಿನ್ನನ್ನೇ ಹೊರಗೆತ್ತಿ ಬಿಚ್ಚಬೇಕು ಅಂದ. ನಿನ್ನ ಗಂಡ ಮೆಟ್ಟಿಲ ಮೇಲೆ ಕುಸಿದು ಕೂತು "ಅವಳು ಬರೋದೇ ಅನುಮಾನ, ಈಗ ಇದೂ ಹೋಯ್ತು" ಅಂದ.

ಶನಿವಾರ ಕೊನೆಯ ಸಲವೆಂದು ಇಬ್ಬರೂ ಎಂಜಿನ್ ಓಡಿಸಿ ನೋಡುತ್ತಿದ್ದರು. ನಾನು ಅದೇ ಹೊದಿಕೆಯನ್ನು ಮೂರನೆಯ ಸಲ ಒಗೆದು ಹಾಕಿದ್ದೆ. ನಿನ್ನ ಗಂಡ ಮುಚ್ಚಳ ಮುಚ್ಚಲು ಕೈ ಹಾಕಿದ್ದನ್ನು ಕಂಡು ನನಗೆ ರೇಗಿತು. "ಅದನ್ನ ಮುಚ್ಚಬೇಡಿ, ಮುಚ್ಚಿದಾಗೆಲ್ಲ ನನ್ನ ಬಟ್ಟೆ ಹಾಳಾಗುತ್ತೆ" ಅಂದೆ. ಎಂಜಿನ್ ವಿಷಯ ನನಗೇನು ಗೊತ್ತು, ನಾನು ಹೇಳಿದ್ದು ನನ್ನ ಹೊದಿಕೆಯ ಸಂಕಟ. ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಮುಚ್ಚಳದ ಒಳಮೈ ನೋಡಿದ. ಮುಚ್ಚಿದ, ಹೊಗೆ ಬಂತು. ತೆಗೆದ, ನಿಂತಿತು. ಆಟದ ಸಾಮಾನು ಸಿಕ್ಕ ಮಗುವಿನ ಹಾಗೆ ಮತ್ತೆ ಮತ್ತೆ ಮುಚ್ಚಿ ತೆಗೆದು, "ಇದು ಉಸಿರಾಡೋಕೆ ಎಲ್ಲಪ್ಪಾ ಜಾಗ ಬಿಟ್ಟಿದ್ದೀಯ?" ಎಂದು ಬಿದ್ದು ಬಿದ್ದು ನಕ್ಕ. ಎಂಜಿನ್ನಿಗೆ ಯಾವ ರೋಗವೂ ಇರಲಿಲ್ಲ ಕಣೆ. ನಿನ್ನ ಮೇಲಿನ ಪ್ರೀತಿಗೆ ನನ್ನ ಮಗ ಅದರ ಮೂಗು ಬಾಯಿ ಎರಡೂ ಕಟ್ಟಿದ್ದ.

ಈಗ ಪೆಟ್ಟಿಗೆಗೆ ಅಗಲವಾದೊಂದು ತೂತು ಕೊರೆದು, ಡೆಕ್ಕಿನಿಂದ ಗಾಳಿ ಬರಲು ಕೊಳವೆ ಜೋಡಿಸಿದ್ದಾರೆ. ಹೊಗೆ ಪೂರ್ತಿ ಹೋಯಿತು, ನನ್ನ ಹೊದಿಕೆ ಬೆಳ್ಳಗಿದೆ. ಆದರೆ ಆ ತೂತಿನಿಂದ ಸದ್ದು ಸ್ವಲ್ಪ ಹೊರಗೆ ಬರುತ್ತದೆ. ನಿನ್ನೆಯಿಂದ ಇವನಿಗೆ ಅದೇ ಹೊಸ ಚಿಂತೆ. ನಾನು ಇದನ್ನು ಬರೆಯುವಾಗಲೂ ಪಕ್ಕದಲ್ಲೇ ಮಂಡಿಯೂರಿ ಕೊಳವೆಗೆ ಫೋಮ್ ಸುತ್ತುತ್ತಿದ್ದಾನೆ.

ಅಕ್ಕನಿಗೂ ಭಾವನಿಗೂ ನಾನು ಕೇಳಿದೆ ಎಂದು ಹೇಳು. ಹೊಟ್ಟೆ ತುಂಬ ಉಣ್ಣು, ಚೆನ್ನಾಗಿ ನಿದ್ದೆ ಮಾಡು. ನಿನಗೆ ಎಲ್ಲ ಒಳ್ಳೆಯದಾಗಲಿ ತಾಯಿ.

ನಿನ್ನ ಅತ್ತೆ

ಇನ್ನೊಂದು ಮಾತು: ಇದನ್ನು ಮೊದಲೇ ಬರೆಯಬೇಕಿತ್ತು, ಧೈರ್ಯ ಸಾಲದೆ ಹೊಗೆಯ ಕಥೆ ಕೊರೆಯುತ್ತ ಕೂತೆ. ನಿನ್ನ ಎರಡು ಕಿವಿಯೂ ಕೇಳಿಸುತ್ತಿಲ್ಲ, ಇನ್ನು ಕೇಳಿಸುವುದೂ ಇಲ್ಲ ಎಂದು ಡಾಕ್ಟರ್ ಹೇಳಿದ್ದನ್ನು ನಿನ್ನ ಅಕ್ಕ ನಿನ್ನೆ ನನಗೆ ಹೇಳಿಬಿಟ್ಟಳು. ಅವಳನ್ನು ಬೈಯಬೇಡ, ಬಿಡದೆ ಕೇಳಿದವಳು ನಾನು. ಫೋನಿಗೆ ನೀನು ಬಾರದಿದ್ದದ್ದು ಸಿಟ್ಟಿನಿಂದಲ್ಲ ಎಂದು ಗೊತ್ತಾಗಿ ಅತ್ತುಬಿಟ್ಟೆ. ಅವನಿಗೆ ನಾನು ಹೇಳಿಲ್ಲ, ಅದನ್ನು ನೀನೇ ಹೇಳಬೇಕು. ಅವನಿಗೆ ಹೊರೆಯಾಗುತ್ತೇನೆ ಎಂದುಕೊಂಡು ಅಲ್ಲೇ ಉಳಿದುಬಿಡಬೇಡ, ಬಂದುಬಿಡು. ಇನ್ನು ಮೇಲೆ ಅವನು ಎದುರಿಗೆ ಕೂತು, ನಿನ್ನ ಮುಖ ನೋಡಿ, ಕೈಸನ್ನೆ ಮಾಡಿ ಮಾತಾಡಲಿ. ಕಿವಿ ಚೆನ್ನಾಗಿದ್ದಷ್ಟು ವರ್ಷ ಅವನು ನಿನ್ನ ಹತ್ತಿರ ಮಹಾ ಏನು ಮಾತಾಡಿದ್ದ?