ಪಿಹ್ಲಾ ತಡೆದುಕೊಂಡದ್ದು

ನವೆಂಬರ್ 14, ಗುರುವಾರ. ಔಲು ನಗರ.

ಮೂರು ತಿಂಗಳಿಂದ ಪಿಹ್ಲಾಳ ಒಳಚಡ್ಡಿ ಮಲ ಸೋರಿ ಕೊಳೆಯಾಗುತ್ತಿತ್ತು. ಏಳು ವರ್ಷದ ಮಗಳು ಸೋಮಾರಿತನದಿಂದ ಹೀಗೆ ಮಾಡುತ್ತಾಳೆಂದು ನಾನು ದಿನವೂ ಗದರಿದೆ. ಹೋದ ವಾರ ಅದನ್ನು ತಣ್ಣೀರಿನಲ್ಲಿ ಅವಳ ಕೈಯಿಂದಲೇ ಒಗೆಸಿದೆ. ಥೂ, ಎಂಥ ಅಪ್ಪ ನಾನು.

ಇಂದು ಡಾಕ್ಟರ್ ಸೊಯ್ಲಿ ಅವಳ ಹೊಟ್ಟೆ ಒತ್ತಿ ನೋಡಿ, ನನ್ನ ಕೈಯನ್ನೂ ಅಲ್ಲಿಡಿಸಿದರು. ಎಡಗಡೆ ಕಲ್ಲಿನಂತೆ ಗಟ್ಟಿಯಾಗಿತ್ತು.

"ಮಲಬದ್ಧತೆ. ಗಟ್ಟಿಯಾದದ್ದು ಒಳಗೇ ಕೂತುಬಿಟ್ಟಿದೆ, ತೆಳ್ಳಗಿರೋದು ಪಕ್ಕದಿಂದ ಸೋರ್ತಿದೆ. ಅವಳಿಗೆ ಗೊತ್ತೇ ಆಗಲ್ಲ. ಬೈಬೇಡಿ."

ಬೈದಾಗಿತ್ತು.

"ಯಾಕೆ ತಡ್ಕೊಳ್ತಿದ್ದೆ, ಪುಟ್ಟಿ?" ಎಂದು ಅವರು ಕೇಳಿದರು.

"ಒಂದ್ಸಲ ತುಂಬಾ ನೋವಾಯ್ತು, ರಕ್ತ ಬಂತು. ಆಮೇಲೆ ಹೋಗಕ್ಕೇ ಭಯ."

"ಅಪ್ಪಂಗೆ ಹೇಳ್ಲಿಲ್ವಾ?"

"ಅಪ್ಪ ಯಾವಾಗ್ಲೂ ಸಿಟ್ಟಲ್ಲಿರ್ತಾನೆ."

ಅವಳು ನನ್ನ ಕಡೆ ನೋಡಲಿಲ್ಲ. ಡಾಕ್ಟರೂ ನೋಡಲಿಲ್ಲ, ಪುಣ್ಯಕ್ಕೆ.

ನೀರಿನಲ್ಲಿ ಕಲಸಿ ಕುಡಿಸುವ ಪುಡಿ ಕೊಟ್ಟಿದ್ದಾರೆ. ಊಟವಾದ ಮೇಲೆ ಹತ್ತು ನಿಮಿಷ, ಕಾಲ ಕೆಳಗೆ ಮಣೆಯಿಟ್ಟು ಕಮೋಡಿನ ಮೇಲೆ ಕೂರಿಸಬೇಕು, ಅವಸರ ಮಾಡಬಾರದು. ಸಂಜೆ ಗಂಜಿ ತಿಂದ ಮೇಲೆ ಕೂರಿಸಿ, ನಾನು ಬಚ್ಚಲಿನ ನೆಲದ ಮೇಲೆ ಕೂತೆ. ಅವಳು ತಿಣುಕಿದಳು, ಅತ್ತಳು. ಏನೂ ಬರಲಿಲ್ಲ.

"ಬರ್ಲಿಲ್ಲ ಅಪ್ಪ. ಬೈತೀಯಾ?"

"ಇಲ್ಲ ಕಂದ. ಇನ್ಮೇಲೆ ಯಾವತ್ತೂ ಬೈಯಲ್ಲ."

ಅವಳು ನಂಬಿದಂತೆ ಕಾಣಲಿಲ್ಲ. ಎತ್ತಿಕೊಳ್ಳಲು ಕೈ ಚಾಚಿದರೆ ತಟ್ಟನೆ ಹೆಗಲು ಕುಗ್ಗಿಸಿ ಕಣ್ಣು ಮುಚ್ಚಿಕೊಂಡಳು. ಹೊಟ್ಟೆ ಸರಿಹೋಗಲು ತಿಂಗಳುಗಳೇ ಹಿಡಿಯಬಹುದಂತೆ. ಹೊಟ್ಟೆಯ ಮಾತು ಬಿಡು, ನಾನು ಕೈ ಚಾಚಿದರೆ ಹೊಡೆಯುತ್ತೇನೆಂದು ಅವಳು ಹೆದರುವುದು ಹೋಗಲು ಎಷ್ಟು ತಿಂಗಳು ಹಿಡಿದೀತು?