ಸ್ಟೇರಿಂಗ್, ಕೋಳಿ ಮತ್ತು ನಿಮ್ಮವ್ವ

ರಾಜೇಶ್ವರಿ,

ಗಾಬರಿಯಾಗಬೇಡ, ನಿಮ್ಮವ್ವ ಕ್ಷೇಮ. ಸಿರಸಂಗಿ ಕಾಳಮ್ಮನ ಗುಡಿಯಿಂದ ಬರುವಾಗ ನಿಮ್ಮಪ್ಪನ ಹಳೇ ಮಾರಿಸ್ ಕಾರಿನ ಸ್ಟೇರಿಂಗ್ ನನ್ನ ಕೈಗೇ ಕಿತ್ತು ಬಂತು. ಗಾಡಿ ಯಾರದೋ ಹತ್ತಿ ಹೊಲದಲ್ಲಿ ನಿಂತಿದೆ. "ಇನ್ನ ಗುಜರಿಗೆ ಹಾಕೂದ" ಎಂದು ಬಾಯಿ ಜಾರಿ ಅಂದುಬಿಟ್ಟೆ. ಅಷ್ಟಕ್ಕೇ ನಿಮ್ಮವ್ವ ಗಾಡಿಯ ಬಾಗಿಲು ಹಾಕಿಕೊಂಡು ಒಳಗೇ ಕೂತುಬಿಟ್ಟರು. ಹೊಲದವರು ನೀರು, ನೆರಳು ನೋಡಿಕೊಳ್ಳುತ್ತಿದ್ದಾರೆ.

ಬೇರೆ ಸ್ಟೇರಿಂಗ್ ಹುಡುಕುತ್ತ ಹೋದಾಗ ಕಟಕೋಳದಲ್ಲಿ ರಾಯಪ್ಪ ಎಂಬವರ ಹಿತ್ತಲಲ್ಲಿ ಅಂಥದೇ ಗಾಡಿ ಸಿಕ್ಕಿತು. ಸ್ಟೇರಿಂಗ್ ಗಟ್ಟಿ ಇದೆ. ಆದರೆ ಡ್ರೈವರ್ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿದೆ! ರಾಯಪ್ಪನವರ ಹೆಂಡತಿ, "ಮರಿ ಆಗೂತನಕ ಗಾಡಿ ಮುಟ್ಟಬ್ಯಾಡ್ರಿ" ಎಂದು ಅಡ್ಡ ನಿಂತರು.

ತಿರುಗಿ ಬಂದು ನಿಮ್ಮವ್ವನಿಗೆ ಇದನ್ನೇ ಹೇಳಿದೆ. ಅವರು, "ಆ ಕೋಳಿಗೆ ಇರೂ ಬುದ್ಧಿ ನಿಮಗಿಲ್ಲ ನೋಡ್ರಿ ಅಳಿಯಂದ್ರ. ಅದೂ ಏಳೂದಿಲ್ಲ, ನಾನೂ ಏಳೂದಿಲ್ಲ" ಎಂದರು.

ಗುಜರಿಯ ಮಾತು ಇನ್ನು ಎತ್ತುವುದಿಲ್ಲ. ಕಾಳಮ್ಮನ ಮೇಲೆ ಆಣೆ ಇಟ್ಟರೂ ನಂಬುತ್ತಿಲ್ಲ, ನೀನು ಹೇಳಿದರೆ ನಂಬಿಯಾರು. ರೊಟ್ಟಿ, ಬಿಪಿ ಗುಳಿಗೆ ಕಟ್ಟಿಕೊಂಡು ಸವದತ್ತಿ ಬಸ್ ಹತ್ತು. ನಾನು ಸ್ಟೇರಿಂಗ್ ಬಿಚ್ಚಲು ಪಾನಾ, ಕೋಳಿಗೆ ಒಂದು ಚೀಲ ಜೋಳ ತಗೊಂಡು ಕಟಕೋಳಕ್ಕೆ ಹೊರಟಿದ್ದೇನೆ.

ನಿಮ್ಮವ್ವನನ್ನು ನೀನು ಏಳಿಸು. ಕೋಳಿಯನ್ನು ನಾನು ನೋಡಿಕೊಳ್ಳುತ್ತೇನೆ.

ನಿಜಗುಣಪ್ಪ