ಗಡಿ ಮರದ ಬುಡದಲ್ಲಿ

ಹಾರ್ಕಾಂಬ್
೧೪ ಜೂನ್ ೧೮೨೯

ಪ್ರೀತಿಯ ಅಮ್ಮನಿಗೆ ಹೆಪ್ಸಿಯ ನಮಸ್ಕಾರ.

'ನಿನ್ನ ಗಂಡ ನೇಣಿಗೇರೋದನ್ನ ಕಣ್ಣಾರೆ ನೋಡಿಯೇ ಸಾಯ್ತೀನಿ' ಎಂದು ಹೇಳಿ ಕಳಿಸಿದ್ದೀಯ. ಮಗನನ್ನು ಮಣ್ಣು ಮಾಡಿದವಳ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೆ ನನ್ನ ಓಬೆಡ್ ಹೊಂಚು ಹಾಕಿ ನಮ್ಮ ಜೇಬೆಜನನ್ನು ಕೊಂದನೆಂದು ನಿಮ್ಮ ನೆದರ್‌ಸ್ಟೋಕ್‌ನಲ್ಲಿ ಆಡಿಕೊಳ್ಳುತ್ತಾರಂತೆ. ಶುದ್ಧ ಸುಳ್ಳು. ನಾನು ಅಲ್ಲೇ ಇದ್ದೆ.

ನಮ್ಮೆರಡೂರಿನ ನಡುವಿನ ಕಾಡು ಇರುವುದೇ ಅಂಗೈ ಅಗಲ. ಪ್ರತಿ ವರ್ಷ ಕ್ರಿಸ್ತನ ಸ್ವರ್ಗಾರೋಹಣದ ಗುರುವಾರ ಊರ ಗಡಿ ಸುತ್ತಿ, ಹಳೇ ಓಕ್ ಮರಕ್ಕೆ ಬೆತ್ತದಿಂದ ಬಡಿದು 'ನಮ್ಮದು' ಅನ್ನುವುದು ನಿನಗೆ ಗೊತ್ತಲ್ಲ. ನಾವು ಬೆಳಿಗ್ಗೆ ಬಡಿಯುತ್ತಿದ್ದೆವು, ನೀವು ಮಧ್ಯಾಹ್ನ. ಎರಡೂರಿನ ಒಲೆಗೂ ಸೌದೆ ಸಿಗುತ್ತಿತ್ತು. ಈ ವರ್ಷ ನನ್ನ ತವರಿನವರು ಬೆಳಿಗ್ಗೆಯೇ ಬಿಯರ್ ಪೀಪಾಯಿ ಬಿಚ್ಚಿ, ನಮ್ಮೆದುರಿಗೇ ಬಂದು ನಿಂತರು.

ಮೊದಲು ಬರೀ ಬಾಯಿ. 'ಸೌದೆ ಕಳ್ಳರು ಬಂದ್ರು, ರೊಟ್ಟಿ ಬುಟ್ಟಿ ಬಚ್ಚಿಟ್ಕೊಳ್ರೋ!' ಎಂದ ಜೇಬೆಜ್. ನಾನೂ ನಕ್ಕೆ. ಆಮೇಲೆ ಯಾರ ಬೆತ್ತ ಯಾರ ಮುಖಕ್ಕೆ ಬಿತ್ತೋ, ಮರಕ್ಕೆ ಬೀಳಬೇಕಾದ ಏಟೆಲ್ಲ ಮನುಷ್ಯರಿಗೆ ಬಿದ್ದವು. ನಮ್ಮ ಕಮ್ಮಾರನ ಕಿವಿ ಹರಿಯಿತು. ನಿಮ್ಮ ಗಿರಣಿಯವನು ತನ್ನ ಹಲ್ಲುಗಳನ್ನು ಅಂಗೈಗೆ ಉಗಿದುಕೊಂಡ. ಬೆತ್ತ ಮುರಿದವರು ಕಲ್ಲೆತ್ತಿಕೊಂಡರು. ಜೇಬೆಜ್ ಓಬೆಡನನ್ನು ಕೆಡವಿ, ಎದೆಯ ಮೇಲೆ ಮಂಡಿಯೂರಿ, ಬಾಯಿಗೆ ಮಣ್ಣು ತುರುಕಿದ. 'ನಿಮ್ಮೂರ ಮಣ್ಣಲ್ವಾ ಭಾವ, ತಿನ್ನು!' ಓಬೆಡನ ಮುಖ ನೀಲಿಗಟ್ಟಿತು. ಇವನು ತುರುಕುತ್ತಲೇ ಇದ್ದ.

ಮರದ ಗುರುತನ್ನು ಹೊಸದಾಗಿ ಕೆತ್ತಲು ತಂದಿದ್ದ ಮಚ್ಚು ಬೇರಿನ ಮೇಲಿತ್ತು. ಒಂದೇ ಏಟು, ಕುತ್ತಿಗೆಗೆ. ನಾನು ಎತ್ತಿ ಆಡಿಸಿದ ತಮ್ಮ ನನ್ನ ಮಡಿಲಲ್ಲೇ ಹೋದ, ಅಮ್ಮ. ಓಬೆಡ್ ತಪ್ಪೊಪ್ಪಿಕೊಂಡ. ಮುಂದಿನ ತಿಂಗಳು ವಿಚಾರಣೆ. ನನ್ನನ್ನು ಎಷ್ಟು ಬೇಕಾದರೂ ಬೈಯಿ, ಅವನಿಗೆ ಮಾತ್ರ ಶಾಪ ಹಾಕಬೇಡ.

ನಿನ್ನ ನತದೃಷ್ಟ ಮಗಳು,
ಹೆಪ್ಸಿ

ತಾ.ಕ.: ಅಮ್ಮನಿಗೆ ಇದನ್ನು ಓದಿ ಹೇಳುತ್ತಿರುವ ಪಾದ್ರಿಗಳೇ, ದಯವಿಟ್ಟು ಇಲ್ಲಿಗೆ ನಿಲ್ಲಿಸಿ. ಮ್ಯಾಜಿಸ್ಟ್ರೇಟರೂ ನೀವೇ ಆದ್ದರಿಂದ ಮುಂದಿನದು ನಿಮಗೆ. ಮಚ್ಚು ಬೀಸಿದ್ದು ನಾನು. ತಮ್ಮನನ್ನು ಎಳೆದೆ, ಕೂಗಿದೆ, ಅವನು ಕೇಳಲಿಲ್ಲ. ಮಣ್ಣು ಉಗಿದು ಎದ್ದ ಓಬೆಡ್ ಮಚ್ಚನ್ನು ನನ್ನ ಕೈಯಿಂದ ಕಿತ್ತುಕೊಂಡು, 'ನೀನು ಬಾಯಿ ಬಿಟ್ರೆ ನನ್ನಾಣೆ' ಎಂದ. ಹದಿನೇಳು ದಿನ ಆಣೆ ಉಳಿಸಿಕೊಂಡೆ, ಇನ್ನು ಆಗುವುದಿಲ್ಲ. ನಾಳೆ ಪೇದೆಯನ್ನು ಕಳಿಸಿ, ಮನೆಯಲ್ಲೇ ಇರುತ್ತೇನೆ. ಅಮ್ಮ ಎದುರಿಗೇ ಕೂತಿರುತ್ತಾಳೆ. ಇನ್ನೇನು ಬರೆದಿದ್ದಾಳೆಂದು ಕೇಳಿದರೆ, ಮುಗಿಯಿತು ಅನ್ನಿ. ಇವತ್ತೊಂದು ರಾತ್ರಿ ಅವಳಿಗೆ ಮಗಳಾದರೂ ಇರಲಿ.